ಸರಾಸರಿಯಲ್ಲಿ ಅಡಗುವ ಊತ

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಜೀವನದ ಗುಣಮಟ್ಟವನ್ನು ಅಳೆಯಲು 1996ರಲ್ಲಿ ಪ್ರಕಟವಾದ, 23 ಪ್ರಶ್ನೆಗಳ 'ಬಿಆರ್-23' ಪ್ರಶ್ನಾವಳಿಯನ್ನು ಹಲವು ದೇಶಗಳಲ್ಲಿ ಬಳಸಲಾಗಿದೆ. ಅದರ ಒಂದು ಭಾಗವನ್ನು ಪರಿಶೀಲಿಸೋಣ.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ದುಗ್ಧರಸ ಸರಾಗವಾಗಿ ಹರಿಯದೆ ತೋಳು ಊದಿಕೊಳ್ಳಬಹುದು. ಆದ್ದರಿಂದ ತೋಳಿನ ನೋವು, ಊತ, ತೋಳೆತ್ತುವ ಕಷ್ಟ – ಈ ಮೂರನ್ನೂ ಪ್ರಶ್ನಾವಳಿ ಕೇಳುತ್ತದೆ. 'ಇಲ್ಲವೇ ಇಲ್ಲ' ಎಂದರೆ 1, 'ತುಂಬಾ' ಎಂದರೆ 4. ಮೂರು ಉತ್ತರಗಳ ಸರಾಸರಿಯಿಂದ 1 ಕಳೆದು, 3ರಿಂದ ಭಾಗಿಸಿ, 100ರಿಂದ ಗುಣಿಸಿದರೆ ಅಂಕ ದೊರೆಯುತ್ತದೆ.

ನೀವೇ ಲೆಕ್ಕ ಹಾಕಿ ನೋಡಿ. ಒಬ್ಬಾಕೆಗೆ ಮೂರೂ ತೊಂದರೆಗಳು ಸ್ವಲ್ಪ ಸ್ವಲ್ಪ: 2, 2, 2. ಇನ್ನೊಬ್ಬಾಕೆಗೆ ನೋವಿಲ್ಲ, ತೋಳೆತ್ತಲೂ ಕಷ್ಟವಿಲ್ಲ. ಆದರೆ ರವಿಕೆಯ ತೋಳು ಏರದಷ್ಟು ಊತ: 1, 4, 1. ಇಬ್ಬರ ಅಂಕವೂ 33.3! ಉಷ್ಣತಾಮಾಪಕದ ಡಿಗ್ರಿಗಳು ಸಮಾನ ಅಂತರದವು. 'ಸ್ವಲ್ಪ', 'ತುಂಬಾ' ಎಂಬ ಮೆಟ್ಟಿಲುಗಳು ಹಾಗಿರಬೇಕಿಲ್ಲ. ಸೂತ್ರ ಮಾತ್ರ ಅವನ್ನು ಸಮವೆಂದೇ ಭಾವಿಸುತ್ತದೆ.

ಪ್ರಶ್ನಾವಳಿ ನಿರುಪಯುಕ್ತವೆಂದಲ್ಲ, ರೋಗಿಗಳ ದೊಡ್ಡ ಗುಂಪುಗಳನ್ನು ಹೋಲಿಸಲು ಅದು ಬೇಕು. ಆದರೆ ಇಂತಹ ವರದಿಗಳನ್ನು ಓದುವಾಗ ಸರಾಸರಿಗೆ ತೃಪ್ತರಾಗಬೇಡಿ. ಪ್ರತಿಯೊಂದು ಪ್ರಶ್ನೆಗೂ '4' ಎಂದವರು ಎಷ್ಟು ಮಂದಿ ಎಂದು ಹುಡುಕಿ. ನೆರವು ಮೊದಲು ತಲುಪಬೇಕಾದದ್ದು ಅವರಿಗೆ.