‘ಸಹಾಯ’ ಎಂಬ ಪದ

ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರ ‘ದ ಸೆಕೆಂಡ್ ಶಿಫ್ಟ್’ (1989) ಕೃತಿಯಲ್ಲಿ, ಹೊರಗೆ ದುಡಿಯುವ ಅಮೆರಿಕದ ಗಂಡ-ಹೆಂಡತಿಯಿಬ್ಬರು ಮನೆಗೆಲಸವನ್ನು ‘ಸಮಪಾಲು’ ಮಾಡಿಕೊಂಡಿದ್ದಾರೆ: ಮಹಡಿಯ ಮೇಲಿನದು ಅವಳಿಗೆ, ಕೆಳಗಿನದು ಅವನಿಗೆ. ಮೇಲೆಂದರೆ ಅಡುಗೆ, ಮಗು, ಇಡೀ ಮನೆ. ಕೆಳಗೆಂದರೆ ಗ್ಯಾರೇಜು, ನಾಯಿ. ಗಂಟೆಗಳ ಲೆಕ್ಕಕ್ಕಿಂತ, ಇಬ್ಬರೂ ಈ ಕಟ್ಟುಕತೆಯನ್ನು ನಂಬಿ ಸಂಸಾರ ಉಳಿಸಿಕೊಂಡ ಬಗೆಯೇ ಕೃತಿಯ ದೊಡ್ಡ ಒಳನೋಟ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಅಂಥ ಕಟ್ಟುಕತೆ ‘ಸಹಾಯ’ ಎಂಬ ಪದದಲ್ಲಿದೆ. ‘ನಮ್ಮೆಜಮಾನ್ರು ಮನೆಗೆಲಸದಲ್ಲಿ ಸಹಾಯ ಮಾಡ್ತಾರೆ’ ಎನ್ನುವ ಮೆಚ್ಚುಗೆಯೊಳಗೇ ಕೆಲಸ ಅವಳದ್ದು ಎಂಬ ತೀರ್ಮಾನವಿದೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ. ಮಾಡುವ ಗಂಡಸರು 97. ಆ 97ನ್ನು ಹೊಗಳುತ್ತೇವೆ, 299ನ್ನು ಕರ್ತವ್ಯವೆಂದು ಸುಮ್ಮನಾಗುತ್ತೇವೆ.