ಪಾಟಿಸವಾಲಿನ ಕತೆಗಾರ

ಹಳ್ಳಿಗೆ ಟಿವಿ ಬಂದ ಕತೆಯಲ್ಲಿ ನಮ್ಮ ಸೀಮೆ ಬೆಂಗಳೂರಿಗಿಂತ ಮುಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಟಿವಿ ಕಂಡ ಸುಮಾರು 2,400 ಹಳ್ಳಿಗಳ ಪೈಕಿ ಗುಲ್ಬರ್ಗಾ ಜಿಲ್ಲೆಯವೂ ಇದ್ದವು. ಯಾದಗಿರಿ, ಶಹಾಪುರ, ಸುರಪುರ ಆಗ ಅದೇ ಜಿಲ್ಲೆಯ ತಾಲ್ಲೂಕುಗಳು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.

ಆ ಟಿವಿ ಬೇಸಾಯ, ಆರೋಗ್ಯದ ಪಾಠ ಹೇಳುತ್ತಿತ್ತು. ಮುಂದೆ ಧಾರಾವಾಹಿಗಳ ಕಾಲದಲ್ಲಿ ನೋಡುವವರನ್ನೇ ನ್ಯಾಯ ತೂಗಲು ಕೂರಿಸಿದವರು ಟಿ.ಎನ್. ಸೀತಾರಾಮ್. ವಕೀಲರಾಗಿದ್ದ ಇವರು ನಾಟಕ ಬರೆದರು, ಲಂಕೇಶರ ‘ಪಲ್ಲವಿ’ ಸಿನಿಮಾದಲ್ಲಿ ನಟಿಸಿದರು. ಅವರೇ ನಿರ್ದೇಶಿಸಿದ ‘ಮತದಾನ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಅವರ ನಿಜವಾದ ಕಣ ಧಾರಾವಾಹಿಯೇ. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಗೂಡಿ ‘ಮಾಯಾಮೃಗ’ ಮಾಡಿದರು. ಆಮೇಲೆ ‘ಮನ್ವಂತರ’, ‘ಮುಕ್ತ’, ‘ಮಗಳು ಜಾನಕಿ’.

ಇವರ ಕೋರ್ಟ್ ದೃಶ್ಯಗಳನ್ನು ಗಮನವಿಟ್ಟು ನೋಡಬೇಕು. ಸಿಎಸ್‌ಪಿ ಎಂಬ ವಕೀಲರಾಗಿ ತಾವೇ ನಿಲ್ಲುತ್ತಾರೆ. ದನಿ ಏರಿಸುವುದಿಲ್ಲ. ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ, ಜೊತೆಗೆ ಯಾರಿದ್ದರು ಎಂಬಂಥ ಸಪ್ಪೆ ಪ್ರಶ್ನೆಗಳಿಂದಲೇ ಪಾಟಿಸವಾಲು ಶುರು. ಸಾಕ್ಷಿಯ ಎರಡು ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಹೋಗುವ ಕ್ಷಣವನ್ನು ನಮಗೆ ಮೊದಲು ಕಾಣಗೊಟ್ಟು, ಆಮೇಲೆ ಎದುರಿನ ವಕೀಲರಿಗೆ ತೋರಿಸುತ್ತಾರೆ. ಇದು ಕ್ಯಾಮೆರಾದ ಚಮತ್ಕಾರವಲ್ಲ. ಯಾವ ಮಾತು ಈ ಕಂತಿಗೆ, ಯಾವುದು ನಾಳೆಗೆ ಎಂದು ಬರೆಯುವ ಮೇಜಿನಲ್ಲೇ ಆದ ತೀರ್ಮಾನ. ದಿನಕ್ಕೊಂದು ಕಂತು ಒಪ್ಪಿಸುವ ಧಾವಂತದಲ್ಲಿ ಈ ಶಿಸ್ತು ಉಳಿಸಿಕೊಂಡ ನಿರ್ದೇಶಕರು ಕನ್ನಡದಲ್ಲಿ ಬಹಳ ಕಡಿಮೆ.

ನಮ್ಮವರಿಗೆ ಇದು ಬೇಗ ಹಿಡಿಸಿದ್ದಕ್ಕೆ ಕಾರಣವಿದೆ. ಶಹಾಪುರ ಕೋರ್ಟಿನ ಹೊರಗೆ ತಾರೀಖಿಗೆ ಬಂದವರ ಮಾತು ಕೇಳಿ: ಸಾಕ್ಷಿ ಎಲ್ಲಿ ತಪ್ಪಿದ, ವಕೀಲ ಸಾಹೇಬರು ಎಲ್ಲಿ ಹಿಡಿದರು ಎಂಬುದೇ ಚರ್ಚೆ. ಹೊಲದ ಬದುವಿನ ವ್ಯಾಜ್ಯ ಕಂಡ ಮನೆಯವರಿಗೆ ಒಂದು ಕಾಗದದ ತಾರೀಖಿನ ಬೆಲೆ ಗೊತ್ತು.

ನನಗಿರುವ ಕೊರತೆ ಒಂದೇ. ಈ ಧಾರಾವಾಹಿಗಳ ಮಾತು ಬೆಂಗಳೂರು, ಮೈಸೂರು ಕಡೆಯದು. ‘ಏನ್ ಹೇಳಾಕತ್ತೀರಿ, ಸಾಹೇಬ್ರ’ ಎನ್ನುವ ಸಾಕ್ಷಿ ಕಟಕಟೆಗೆ ಬಂದು, ಅವನ ಪ್ರತಿ ಮಾತನ್ನೂ ಇಷ್ಟೇ ಗೌರವದಿಂದ ತೂಗುವ ಧಾರಾವಾಹಿಯನ್ನು ಸುರಪುರ, ಯಾದಗಿರಿಯ ಹುಡುಗ ಹುಡುಗಿಯರು ಬರೆಯಬೇಕು. 2022ರಲ್ಲಿ ‘ಮತ್ತೆ ಮಾಯಾಮೃಗ’ಕ್ಕಾಗಿ ಸೀತಾರಾಮ್, ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಮತ್ತೆ ಒಂದಾದರು. ಬರೆಯಬೇಕೆನ್ನುವವರು ಅದನ್ನು ನೋಡುವ ಮೊದಲು ‘ಮುಕ್ತ’ದ ಕೋರ್ಟ್ ಕಂತುಗಳನ್ನು ನೋಡಲಿ, ಪ್ರಶ್ನೆಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.