ರಹೀಮ್ ಸಾಹೇಬರ ತೂಕ

ಬೀಳ್ಕೊಡುಗೆ ಸಮಾರಂಭಗಳ ಕಾಲ ಬಂತೆಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಮೂವತ್ತು ವರ್ಷ ಮೈದಾನದಲ್ಲಿ ಸೀಟಿ ಊದಿದ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಮೈಕು ಹಿಡಿದು, ‘ಇವರಂಥ ಕೋಚ್ ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ’ ಎನ್ನುತ್ತಾನೆ. ಆಮೇಲೆ ಲೆಕ್ಕ ಶುರುವಾಗುತ್ತದೆ: ಇಷ್ಟು ವರ್ಷದ ಸೇವೆ, ಇಷ್ಟು ಶೀಲ್ಡು, ಇಷ್ಟು ಹುಡುಗರಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ, ರೈಲ್ವೆ ಕೆಲಸ.

ಆ ಹುಡುಗನ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಪ್ರೀತಿ ಬೇರೆ, ತೂಕ ಬೇರೆ. ಆಟವನ್ನು ಹತ್ತಿರದಿಂದ ನೋಡುವವರು ಒಬ್ಬ ಕೋಚ್ ನಿಜಕ್ಕೂ ದೊಡ್ಡವನೇ ಎಂದು ಕೇಳಿಕೊಳ್ಳಲೇಬೇಕು. ಕೇಳದಿದ್ದರೆ ನಿಜವಾದ ದೊಡ್ಡವರಿಗೂ ಸುಮ್ಮನೆ ಸಂಬಳ ತೆಗೆದುಕೊಂಡು ಹೋದವರಿಗೂ ಒಂದೇ ಶಾಲು ಸಿಗುತ್ತದೆ.

ಮೊದಲು ಶೀಲ್ಡಿನ ಮಾತು. ನಮ್ಮ ಕಡೆಯ ಕಾಲೇಜುಗಳ ಶೀಲ್ಡು ಎಣಿಸುವವರು 2004ನೇ ಇಸವಿಯನ್ನು ಮರೆಯಬಾರದು. ತುಮಕೂರು ವಿಶ್ವವಿದ್ಯಾಲಯ ಆದದ್ದು ಆ ವರ್ಷ. ಅದಕ್ಕೆ ಮುಂಚೆ ನಮ್ಮ ಪದವಿ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂತರ ಕಾಲೇಜು ಪಂದ್ಯಾವಳಿಗೆ ಹೋದ ತಿಪಟೂರಿನ ಹುಡುಗರು ಎದುರಿಸಬೇಕಿದ್ದದ್ದು ರಾಜಧಾನಿಯ ದೊಡ್ಡ ದೊಡ್ಡ ಕಾಲೇಜುಗಳನ್ನು. ರಾಜ್ಯ ತಂಡಕ್ಕೆ ಆಡಿದವರನ್ನು, ಒಳಾಂಗಣ ಕ್ರೀಡಾಂಗಣದಲ್ಲಿ ಬೆಳೆದವರನ್ನು. 2004ರ ನಂತರ ಎದುರಾಳಿ ಬಹುಪಾಲು ಜಿಲ್ಲೆಯೊಳಗಿನವನೇ. ಹಾಗಾಗಿ ಹಳೆಯ ವ್ಯವಸ್ಥೆಯಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಬರಿಗೈಲಿ ಬಂದ ಒಂದು ತಂಡ, ಈಚಿನ ಎರಡು ಮೂರು ಶೀಲ್ಡಿಗಿಂತ ಹೆಚ್ಚು ತೂಗಬಹುದು. ಕಪಾಟಿನ ಗಾಜಿನ ಹಿಂದೆ ಇದು ಕಾಣುವುದಿಲ್ಲ. ಈಚಿನವರು ಗೆದ್ದದ್ದು ಸುಳ್ಳೆಂದು ಇದರ ಅರ್ಥವಲ್ಲ. ಯಾರ ವಿರುದ್ಧ ಗೆದ್ದರು ಎಂಬುದನ್ನು ಗೆಲುವಿನ ಪಕ್ಕದಲ್ಲೇ ಬರೆದಿಡಬೇಕು.

ಇನ್ನು ವರ್ಷಗಳು. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಕೈಯಲ್ಲಿ ಚೆಂಡು ಹಿಡಿದು ನುಗ್ಗುವ ಅವರದೇ ಆಟ. ಅಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಜೋ ಪಟರ್ನೋ ಎಂಬುವರು 1966ರಿಂದ 2011ರವರೆಗೆ ಮುಖ್ಯ ಕೋಚ್ ಆಗಿದ್ದರು. 409 ಗೆಲುವು. ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ಇತ್ತು. ಅವರ ಸಹಾಯಕನಾಗಿ ದೀರ್ಘಕಾಲ ಇದ್ದವನೊಬ್ಬ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು ಬಯಲಾದಾಗ, ತಿಳಿದೂ ಮಾಡಬೇಕಾದಷ್ಟು ಮಾಡಲಿಲ್ಲ ಎಂಬ ಆರೋಪ ಹಿರಿಯರ ಮೇಲೆ ಬಂತು; ಪಟರ್ನೋ ಅವರನ್ನು ಕೆಲಸದಿಂದ ತೆಗೆದರು. 2012ರಲ್ಲಿ ಪ್ರತಿಮೆ ಇಳಿಯಿತು, 111 ಗೆಲುವುಗಳನ್ನು ದಾಖಲೆಯಿಂದ ಅಳಿಸಿದರು. 2015ರಲ್ಲಿ ಅವನ್ನೇ ಮತ್ತೆ ಸೇರಿಸಿದರು. ಅಳಿಸಿದಾಗಲೂ ಸೇರಿಸಿದಾಗಲೂ ಮೂಲ ಪ್ರಶ್ನೆ ಇದ್ದಲ್ಲೇ ಇತ್ತು. ಕೈಗೆ ಒಪ್ಪಿಸಿದ ಮಕ್ಕಳ ಸುರಕ್ಷತೆ ಕೋಚ್‌ನ ಕೆಲಸದ ಒಳಗೇ ಬರುತ್ತದೆ. ಅದನ್ನು ಬಿಟ್ಟು ಉಳಿದದ್ದಕ್ಕೆ ಅಂಕ ಕೊಡುವುದು ಸಾಧ್ಯವಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಅಟ್ಟದ ಮೇಲೆ ಎಷ್ಟು ತಿಂಗಳಿತ್ತು ಎಂದಷ್ಟೇ ಕೇಳಿ ಯಾವ ವರ್ತಕನೂ ಬೆಲೆ ಕಟ್ಟುವುದಿಲ್ಲ. ಕುಲುಕಿ ನೋಡುತ್ತಾನೆ, ಒಡೆದು ನೋಡುತ್ತಾನೆ. ಕೋಚ್ ವಿಷಯದಲ್ಲಿ ನಾನು ಒಡೆದು ನೋಡುವ ಜಾಗ ಎರಡು. ಸೋತ ಮೇಲೆ ಅವರು ಏನು ಬದಲಿಸಿದರು? ಪಕ್ಕದಲ್ಲಿ ಅವರಿಲ್ಲದಾಗ ಅವರ ಹುಡುಗರು ಏನು ಮಾಡಿದರು?

ಖೋ-ಖೋ, ಕಬಡ್ಡಿ, ವಾಲಿಬಾಲ್ ನಮ್ಮ ಸೀಮೆಯ ಆಟಗಳು. ಫುಟ್‌ಬಾಲ್ ಇಲ್ಲಿ ಬೇರು ಬಿಡಲಿಲ್ಲ. ಆದರೂ ಈ ಎರಡು ಪ್ರಶ್ನೆಗಳಿಗೆ ಭಾರತದಲ್ಲಿ ಅತ್ಯಂತ ಪೂರ್ಣವಾದ ಉತ್ತರ ಸಿಗುವುದು ಒಬ್ಬ ಫುಟ್‌ಬಾಲ್ ಕೋಚ್ ಬದುಕಿನಲ್ಲಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಎಲ್ಲರ ಬಾಯಲ್ಲೂ ರಹೀಮ್ ಸಾಹೇಬ್. 1909ರಲ್ಲಿ ಹುಟ್ಟಿದವರು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು, ಅಲ್ಲಿನ ತಂಡಕ್ಕೆ ಆಡಿದವರು. ವೃತ್ತಿಯಿಂದ ಶಾಲಾ ಮೇಷ್ಟ್ರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಮೈದಾನದಲ್ಲೂ ನಿಂತರು. ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರ ಜೊತೆ ಅವರನ್ನು ಒಂದೇ ಸಾಲಿನಲ್ಲಿ ಕೂರಿಸಲು ನನಗೆ ಧೈರ್ಯ ಕೊಡುವುದು ಇದೇ.

1950ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಕೋಚ್. 1950ರಿಂದ 54ರವರೆಗೆ ಆ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಸತತ ಐದು ಸಲ ಗೆದ್ದಿತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅವರ ಭಾರತ ತಂಡ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಪಡೆಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಬೀಳ್ಕೊಡುಗೆ ಭಾಷಣಕ್ಕೆ ಬೇಕಾದದ್ದೆಲ್ಲ ಸಿಕ್ಕಿತ್ತು.

ಆದರೆ ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ವಿರುದ್ಧ ಭಾರತ 1-10ರಿಂದ ಸೋತಿತು. ಕೊರೆಯುವ ಚಳಿ, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಆ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್.  ಹತ್ತು ಗೋಲು ತಿಂದ ತಂಡದ ಕೋಚ್‌ಗೆ ನೆಪಗಳೇನೂ ಕಡಿಮೆ ಇರಲಿಲ್ಲ: ಹವೆ, ಬೂಟು, ಎದುರಾಳಿಯ ಮೈಕಟ್ಟು. ಅವುಗಳಲ್ಲಿ ಒಂದನ್ನೂ ಸುಳ್ಳೆನ್ನಲಾಗದು. ರಹೀಮ್ ಸಾಹೇಬರ ಕೆಲಸ ಶುರುವಾದದ್ದು ಇಲ್ಲಿಂದ ಎಂದು ನಾನು ಎಣಿಸುತ್ತೇನೆ.

ಭಾರತದ ಫುಟ್‌ಬಾಲ್ ಆಗಿನ ಕಾಲಕ್ಕೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಇಬ್ಬರು ಮೂವರನ್ನು ದಾಟುವ ಚಮತ್ಕಾರಕ್ಕೆ ಮಾರುಹೋಗಿತ್ತು. ಜನಕ್ಕೂ ಅದೇ ಇಷ್ಟ. ರಹೀಮ್ ಸಾಹೇಬರು ಹೈದರಾಬಾದಿನಲ್ಲಿ ಡ್ರಿಬ್ಲಿಂಗ್ ಮಾಡಲೇಬಾರದೆಂಬ ನಿಯಮದ ಪಂದ್ಯಾವಳಿ ನಡೆಸಿದರು: ಚೆಂಡು ಬಂತು, ಪಾಸ್ ಕೊಡು, ಓಡು. ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ ಒದೆಯಬೇಕಾದ ಪಂದ್ಯಾವಳಿ ನಡೆಸಿದರು. ಕುಳ್ಳಗಿರುವ ಶಾಲಾ ಮಕ್ಕಳಿಗೆಂದೇ ಎತ್ತರಕ್ಕೆ ಮಿತಿ ಹಾಕಿದ ಪಂದ್ಯಾವಳಿ ನಡೆಸಿದರು. ಇದು ಹಣದ ಕೆಲಸವಲ್ಲ. ಒಂದು ಮೈದಾನ, ನಾಲ್ಕು ಕಂಬ, ಒಬ್ಬ ಮೇಷ್ಟ್ರ ತಲೆ. ಎಡಗಾಲು ಬಾರದವನಿಗೆ ಎಡಗಾಲು ಬರುವಂತೆ ಪಂದ್ಯವನ್ನೇ ಕಟ್ಟಿಕೊಡುವುದು ಶಿಕ್ಷಕನಿಗೆ ಹೊಳೆಯುವ ಉಪಾಯ. ಯಾವ ತಾಲ್ಲೂಕಿನಲ್ಲಾದರೂ, ಯಾವ ಆಟದಲ್ಲಾದರೂ ಇದನ್ನು ನಾಳೆ ಬೆಳಿಗ್ಗೆಯೇ ಮಾಡಬಹುದು. ನಮ್ಮ ಖೋ-ಖೋ ಮೈದಾನಗಳಲ್ಲಿ ಒಂದೇ ಬದಿಗೆ ತಿರುಗುವ ಅಭ್ಯಾಸ ಬಿದ್ದ ಹುಡುಗಿಯರನ್ನು ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದದ್ದು ಬೂಟು ತೊಟ್ಟ, ಬೇರೆಯೇ ತಂಡ. ಹಿಂದೆ ಇಬ್ಬರನ್ನು ನಿಲ್ಲಿಸಿ ಐವರು ಮುಂದೆ ನುಗ್ಗುವ ಹಳೆಯ ಪದ್ಧತಿಯಿಂದ ರಹೀಮ್ ಸಾಹೇಬರು ತಂಡವನ್ನು ಹೊರತಂದಿದ್ದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಇರುವ ಪದ್ಧತಿಗೆ 1958ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ದೊಡ್ಡ ಹೆಸರು ತಂದಿತು. ಅದಕ್ಕೆ ಹತ್ತಿರದ ಆಟವನ್ನು ಇವರು ಮೊದಲೇ ಹಿಡಿದಿದ್ದರು. ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4-2ರಿಂದ ಸೋಲಿಸಿತು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ನಮ್ಮದಾಯಿತು. ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಮತ್ತೆ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಭಾರತದ್ದು! ಕೊನೆಗೆ 1-4ರಿಂದ ಸೋತರು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 0-3ರಿಂದ ಸೋತು ನಾಲ್ಕನೆಯವರಾದರು. ಆ ತಂಡದ ನಡುಭಾಗದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ನಾಲ್ಕು ವರ್ಷದ ನಂತರ ರೋಮ್‌ನಲ್ಲೂ ಇದ್ದರು.

ಪದಕದ ಪಟ್ಟಿಯಲ್ಲಿ 1956 ಖಾಲಿ. 1952ರ 1-10ಕ್ಕೂ 1956ರ 1-4ಕ್ಕೂ ನಡುವಿನ ನಾಲ್ಕು ವರ್ಷಗಳಲ್ಲಿ ಏನಾಯಿತು ಎಂಬುದಕ್ಕೆ ಪದಕದ ಪಟ್ಟಿಯಲ್ಲಿ ಜಾಗವಿಲ್ಲ. ನನ್ನ ಮಟ್ಟಿಗೆ ರಹೀಮ್ ಸಾಹೇಬರ ಅತಿ ದೊಡ್ಡ ಸಾಧನೆ ಅದೇ. ಎರಡು ಚಿನ್ನಗಳಿಗಿಂತ ಒಂದು ಕೈ ಮೇಲು.

ಎರಡನೆಯ ಚಿನ್ನದ ಕಥೆ ಹೆಚ್ಚು ಜನಕ್ಕೆ ಗೊತ್ತು. 2024ರಲ್ಲಿ ‘ಮೈದಾನ್’ ಸಿನಿಮಾ ಬಂದ ಮೇಲಂತೂ ಎಲ್ಲರಿಗೂ ಗೊತ್ತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಇಸ್ರೇಲ್ ಮತ್ತು ತೈವಾನ್‌ಗೆ ಇಂಡೋನೇಷ್ಯಾ ಬಾಗಿಲು ಮುಚ್ಚಿದ್ದನ್ನು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ವಿರೋಧಿಸಿದ್ದರಿಂದ ಊರಿಗೆ ಊರೇ ಭಾರತದ ಮೇಲೆ ಕೆರಳಿತ್ತು. ರಕ್ಷಣೆಯ ಆಧಾರಸ್ತಂಭ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ಬೇರೆ ಕೋಚ್ ಆಗಿದ್ದರೆ ಅವರನ್ನು ಕೂರಿಸುತ್ತಿದ್ದರು, ಇಲ್ಲವೇ ಇದ್ದಲ್ಲೇ ಆಡಿಸುತ್ತಿದ್ದರು. ರಹೀಮ್ ಸಾಹೇಬರು ಆ ಡಿಫೆಂಡರನ್ನು ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ದಕ್ಷಿಣ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2-1, ಚಿನ್ನ. ಆ ತಂಡದಲ್ಲೂ ಬೆಂಗಳೂರಿನ ಅರುಮೈನಾಯಗಂ ಇದ್ದರು. ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, ಕ್ಯಾನ್ಸರ್ ರಹೀಮ್ ಸಾಹೇಬರನ್ನು ಕೊಂಡೊಯ್ದಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಅವರ ಮಗ ಸೈಯದ್ ಶಾಹಿದ್ ಹಕೀಮ್ ಒಳ್ಳೆಯ ಆಟಗಾರ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಒಂದು ಪಂದ್ಯದಲ್ಲೂ ಅಪ್ಪ ಕಣಕ್ಕಿಳಿಸಲಿಲ್ಲ. ಹಕೀಮ್ ಆಮೇಲೆ ಅಂತರರಾಷ್ಟ್ರೀಯ ರೆಫರಿ ಆದರು, ಕೋಚ್ ಆದರು, 2021ರಲ್ಲಿ ನಮ್ಮ ಕಲಬುರಗಿಯಲ್ಲಿ ತೀರಿಕೊಂಡರು. ತಾಲ್ಲೂಕು ತಂಡದ ಆಯ್ಕೆಯ ದಿನ ಯಾರ ಮಗ, ಯಾರ ಅಳಿಯ ಎಂಬ ಪಿಸುಮಾತು ಕೇಳಿದವರಿಗೆ ಇದರ ಬೆಲೆ ವಿವರಿಸಬೇಕಿಲ್ಲ.

ಈಗ ಆಕ್ಷೇಪಗಳು. ಮೊದಲನೆಯದು: ಹೈದರಾಬಾದ್ ಪೊಲೀಸ್ ತಂಡದಲ್ಲಿ ಕೆಲಸದ ಭದ್ರತೆ ಇತ್ತು, ಒಳ್ಳೆಯ ಆಟಗಾರರು ತಾವಾಗಿ ಬಂದು ಸೇರಿದರು, ಅಂಥ ತಂಡವನ್ನು ಯಾರು ಬೇಕಾದರೂ ಗೆಲ್ಲಿಸಬಹುದಿತ್ತು. ಇದರಲ್ಲಿ ಸ್ವಲ್ಪ ಸತ್ಯವಿದೆ, ಆದ್ದರಿಂದಲೇ ಆ ಐದು ರೋವರ್ಸ್ ಕಪ್‌ಗಳಿಗೆ ನಾನು ಹೆಚ್ಚು ಅಂಕ ಕೊಡುವುದಿಲ್ಲ. ಪ್ರತಿಭೆ ಸಿಗುವುದು ಒಂದು ಭಾಗ್ಯ. ಓಟಗಾರ್ತಿ ಪಿ.ಟಿ. ಉಷಾ ಸಿಕ್ಕಿದ್ದು ಅವರ ಕೋಚ್ ಒ.ಎಂ. ನಂಬಿಯಾರರ ಭಾಗ್ಯ ಎನ್ನುವವರಿದ್ದಾರೆ. ಆದರೆ ಉಷಾರನ್ನು 400 ಮೀಟರ್ ಹರ್ಡಲ್ಸ್‌ನಲ್ಲಿ ಒಲಿಂಪಿಕ್ ಕಂಚಿಗೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹತ್ತಿರ ಒಯ್ದದ್ದು ಭಾಗ್ಯವಲ್ಲ. ನಂಬಿಯಾರರಿಗೆ 1985ರಲ್ಲಿ, ಆ ಪ್ರಶಸ್ತಿಯ ಮೊದಲ ವರ್ಷವೇ, ದ್ರೋಣಾಚಾರ್ಯ ಸಿಕ್ಕಿತು. ಆ ಹೊತ್ತಿಗೆ ರಹೀಮ್ ಸಾಹೇಬರು ಹೋಗಿ 22 ವರ್ಷವಾಗಿತ್ತು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ದೊಡ್ಡ ಕೋಚ್ ತನ್ನ ನಂತರಕ್ಕೂ ಏನಾದರೂ ಉಳಿಸಿ ಹೋಗಬೇಕಲ್ಲವೇ? 1960ರ ನಂತರ ಭಾರತ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಅರ್ಹತೆ ಪಡೆದೇ ಇಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಜಿ.ಎಂ.ಎಚ್. ಬಾಷಾ ಅವರ ಜೊತೆ ಕೋಚ್ ಆಗಿ ನಿಂತ ಪಿ.ಕೆ. ಬ್ಯಾನರ್ಜಿ, ಅಂದರೆ ರಹೀಮ್ ಸಾಹೇಬರ ಶಿಷ್ಯ, ಕಂಚು ತಂದರು. ಆಮೇಲೆ ಆ ಕೂಟದ ಫುಟ್‌ಬಾಲ್‌ನಲ್ಲಿ ನಮಗೆ ಪದಕವೇ ಇಲ್ಲ. ಇದನ್ನು ಅವರ ಖಾತೆಗೆ ಖರ್ಚು ಬರೆಯಬೇಕೇ?

ನಾನು ಬರೆಯುವುದಿಲ್ಲ. ಅವರು ತೀರಿಕೊಂಡ ಮರುವರ್ಷ, 1964ರಲ್ಲಿ, ಅವರು ಬೆಳೆಸಿದ ಹುಡುಗರೇ ಹೆಚ್ಚಿದ್ದ ತಂಡ ಹ್ಯಾರಿ ರೈಟ್ ಎಂಬ ಇಂಗ್ಲಿಷ್ ಕೋಚ್ ಕೈಕೆಳಗೆ ಏಷ್ಯಾ ಕಪ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ದಕ್ಷಿಣ ಕೊರಿಯಾವನ್ನು 2-0ಯಿಂದ ಸೋಲಿಸಿತು. ಗುರು ಪಕ್ಕದಲ್ಲಿಲ್ಲದಾಗಲೂ ಕಲಿತದ್ದು ಕಾಲಲ್ಲಿ ಉಳಿದಿತ್ತು. ನನ್ನ ಎರಡನೆಯ ಪ್ರಶ್ನೆಗೆ ಅಷ್ಟು ಸಾಕು. ಆ ಹುಡುಗರಿಗೆ ವಯಸ್ಸಾದ ಮೇಲೆ ಬರಬೇಕಾಗಿದ್ದ ಮುಂದಿನ ಸಾಲನ್ನು ಬೆಳೆಸುವುದು, 53ನೇ ವಯಸ್ಸಿನಲ್ಲಿ ತೀರಿಕೊಂಡ ಒಬ್ಬ ಶಾಲಾ ಮೇಷ್ಟ್ರ ಜವಾಬ್ದಾರಿ ಆಗಿರಲಿಲ್ಲ. ಎಡಗಾಲಿನ ಪಂದ್ಯಾವಳಿಯನ್ನು ಹೈದರಾಬಾದಿನಾಚೆ, ದೇಶದ ಪ್ರತಿ ಶಾಲೆಗೂ ಒಯ್ಯಬೇಕಾಗಿದ್ದವರು ಫುಟ್‌ಬಾಲನ್ನು ಆಳುತ್ತಿದ್ದ ಆಡಳಿತಗಾರರು. ಆ ಲೆಕ್ಕ ಅವರ ಹೆಸರಿಗೇ ಹೋಗಬೇಕು.